ಎಸಿ ಕ್ಲಚ್ ಪ್ಲೇಟ್ ಹಿಡ್ಕೊಂಡಿದ್ರೆ ಮೀಟಬೇಡಿ

ಸರ್, ಮಧ್ಯದ ಬೋಲ್ಟ್ ಬಿಚ್ಚಿದ ಮೇಲೂ ಗಾಡಿ ಎಸಿಯ ಕಂಪ್ರೆಸರ್ ಕ್ಲಚ್ ಪ್ಲೇಟ್ ಅಲ್ಲಾಡ್ತಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟ್ಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಪ್ಲೇಟ್ ಸ್ವಲ್ಪ ಸೊಟ್ಟಗಾದ್ರೂ ಆಮೇಲೆ ಪುಲ್ಲಿಗೆ (ಬೆಲ್ಟ್ ಓಡೋ ಚಕ್ರಕ್ಕೆ) ಉಜ್ಜಿಕೊಂಡೇ ತಿರುಗುತ್ತೆ. ಸುತ್ತಿಗೆಯೂ ಬೇಡ, ಏಟು ಬೀಳೋದು ಒಳಗಿನ ಸೀಲ್, ಬೇರಿಂಗಿಗೆ.

ಸಾಮಾನ್ಯವಾಗಿ ಶಾಫ್ಟಿನ ಹಲ್ಲುಗಳಲ್ಲಿ ತುಕ್ಕು ಕಟ್ಟಿರುತ್ತೆ. ತುಕ್ಕು ಬಿಡಿಸೋ ಸ್ಪ್ರೇ ಮಧ್ಯಕ್ಕೆ ಮಾತ್ರ ಒಂಚೂರು ಹೊಡೆದು ರಾತ್ರಿಯೆಲ್ಲ ಬಿಡಿ. ಪ್ಲೇಟ್ ಪುಲ್ಲಿಗೆ ಕಚ್ಚೋ ಜಾಗಕ್ಕೆ ಎಣ್ಣೆ ತಾಗಲೇಬಾರದು. ಪ್ಲೇಟಿನ ಮಧ್ಯದ ತೂತಲ್ಲೇ ಥ್ರೆಡ್ ಇದ್ರೆ ಅದಕ್ಕೆ ಕೂರೋ ದಪ್ಪ ಬೋಲ್ಟ್ ತಿರುಗಿಸ್ತಾ ಹೋಗಿ. ಅದು ಶಾಫ್ಟಿನ ತುದಿ ಒತ್ತಿ ಪ್ಲೇಟನ್ನ ಈಚೆ ಎಳೆಯುತ್ತೆ. ಸೈಜ್ ಸಿಗದಿದ್ರೆ ಕೋಲಾರದ ಯಾವುದಾದ್ರೂ ಲೇತ್ ಅಂಗಡಿಗೆ ಅಳತೆ ಕೊಡಿ.

ಒಳಗಿರೋ ತೆಳು ವಾಷರ್ ಕಳೀಬೇಡಿ, ಪ್ಲೇಟಿಗೂ ಪುಲ್ಲಿಗೂ ಮಧ್ಯೆ ಅರ್ಧ ಮಿಲಿಮೀಟರ್ ಆಸುಪಾಸಿನ ಗ್ಯಾಪ್ ನಿಲ್ಲೋದೇ ಅದರಿಂದ. ಬರೀ ಕ್ಲಚ್ ಕೆಲಸಕ್ಕೆ ಗ್ಯಾಸ್ ತೆಗೀಬೇಕಿಲ್ಲ.