ಸಿಲೆಬಸ್‌ಗೆ ಕಚೇರಿಯವರು ಕೈ ಹಾಕಿದರೆ: ಜಪಾನಿಗೆ ಹೊರಟ ತಂಗಿಗೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಅಕ್ಕಾ ಅಂತ ಕರೆದಿದ್ದೀರಿ, ನಾನೂ ತಂಗಿ ಅಂತಲೇ ಬರೆಯುತ್ತೇನೆ. ಕಲಬುರಗಿಯಲ್ಲಿ ಅತಿಥಿ ಉಪನ್ಯಾಸಕಿಯಾಗಿ ದುಡಿದಿದ್ದೀರಿ. ಈಗ ಜಪಾನಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದೆ, ಏಪ್ರಿಲ್ 1ಕ್ಕೆ ಸೇರಬೇಕು. ಮನೆ, ಊಟ, ಭಾಷೆ ಹೇಗೆ ಅಂತ ಕೇಳಿದ್ದೀರಿ. ಕೊನೆಯ ಸಾಲನ್ನು ಮಾತ್ರ ಸಿಟ್ಟಿನಲ್ಲೇ ಬರೆದ ಹಾಗಿತ್ತು: "ನಾನು ಕಳಿಸಿದ ಸಿಲೆಬಸ್ಸನ್ನು ಕಚೇರಿಯವರು ಗುರುತು ಹಾಕಿ ವಾಪಸ್ ಕಳಿಸಿದ್ದಾರೆ. ನನ್ನ ಪಾಠದಲ್ಲಿ ಗುಮಾಸ್ತರಿಗೆ ಏನು ಕೆಲಸ?"

ಆ ಸಾಲಿಗೇ ಜಾಸ್ತಿ ಉತ್ತರ ಕೊಡುತ್ತೇನೆ. ನಾನು ಬೀದರಿನವಳು. ಓದಲು ಬಂದು ಇಲ್ಲೇ ನಿಂತೆ. ಈಗ ಒಸಾಕಾ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ, ವೇಳಾಪಟ್ಟಿ, ಅಂಕ ಇವನ್ನೆಲ್ಲ ನೋಡಿಕೊಳ್ಳುವ ವಿಭಾಗದಲ್ಲಿದ್ದೇನೆ. ಇಲ್ಲಿ ಅದಕ್ಕೆ ಕ್ಯೋಮುಕಾ ಅಂತಾರೆ. ನಿಮಗೆ ಆ ಮೇಲ್ ಕಳಿಸಿದ್ದು ನಿಮ್ಮ ವಿಶ್ವವಿದ್ಯಾಲಯದ ಕ್ಯೋಮುಕಾದವರೇ ಇರಬೇಕು.

ಮೊದಲು ಮನೆ ಮಾತು ಮುಗಿಸಿಬಿಡೋಣ. ಬಾಡಿಗೆ ಮನೆಗೆ ಮುಂಗಡದ ಜೊತೆ ರೇಕಿನ್ ಅಂತ ಇನ್ನೊಂದು ದುಡ್ಡು ಕೇಳಬಹುದು. ಅದು ಮಾಲೀಕರಿಗೆ ಕೊಡುವುದು, ವಾಪಸ್ ಬರುವುದಿಲ್ಲ. ಎಲ್ಲ ಮನೆಗೂ ಇರುವುದಿಲ್ಲ, ಹುಡುಕಿದರೆ ಇಲ್ಲದ ಮನೆಯೂ ಸಿಗುತ್ತದೆ. ಸಿಬ್ಬಂದಿ ವಸತಿ ಇದೆಯಾ ಅಂತ ಈಗಲೇ ಕೇಳಿ. ಮನೆಗೆ ಹೋದ 14 ದಿನದೊಳಗೆ ಅಲ್ಲಿನ ನಗರ ಕಚೇರಿಯಲ್ಲಿ ವಿಳಾಸ ಬರೆಸಬೇಕು. ತೊಗರಿಬೇಳೆ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಜೋಳದ ಹಿಟ್ಟು ಸ್ವಲ್ಪ ಹುಡುಕಬೇಕು, ಆದರೂ ಸಿಗುತ್ತದೆ. ನೀವು ಸಸ್ಯಾಹಾರಿಯಾದರೆ ಒಂದು ಮಾತು ನೆನಪಿಡಿ: ಬರೀ ತರಕಾರಿ ಕಾಣುವ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ, ಕೇಳಿಯೇ ತಿನ್ನಿ. ಭಾಷೆ ಕಷ್ಟ, ನಿಜ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಕಚೇರಿಯ ಕಾಗದಗಳು ಜಪಾನಿಯಲ್ಲೇ ಬರುತ್ತವೆ. ಕಚೇರಿಯವರ ಜೊತೆ ನಂಟು ಬೇಕಾಗುವುದು ಅಲ್ಲಿಂದಲೇ ಶುರು.

ಈಗ ಸಿಲೆಬಸ್. ಇಲ್ಲಿ ಅದು ಬೋಧಕರೇ ತಮ್ಮ ವಿಷಯಕ್ಕೆ ಬರೆದುಕೊಡುವ ಪಾಠದ ಯೋಜನೆ. ಅವರು ಏನು ಗುರುತು ಹಾಕಿರಬಹುದು ಅಂತ ನನಗೆ ಅಂದಾಜಿದೆ. ಪ್ರತಿ ವಾರದ ಪಾಠಕ್ಕೆ ವಿದ್ಯಾರ್ಥಿ ಮನೆಯಲ್ಲಿ ಏನು ಓದಿಕೊಂಡು ಬರಬೇಕು, ಎಷ್ಟು ಹೊತ್ತು ಓದಬೇಕು ಅನ್ನುವ ಜಾಗ ನೀವು ಖಾಲಿ ಬಿಟ್ಟಿರಬೇಕು. ಇಲ್ಲಿನ ನಿಯಮದಲ್ಲಿ ಒಂದು ಕ್ರೆಡಿಟ್ ಅಂದರೆ 45 ಗಂಟೆಯ ಕಲಿಕೆ. 2 ಕ್ರೆಡಿಟ್‌ನ ಪಾಠಕ್ಕೆ 90 ಗಂಟೆ ಆಯಿತು. ತರಗತಿಯ ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ 30 ಗಂಟೆ, ಉಳಿದ 60 ಗಂಟೆ ಹುಡುಗರು ತಾವೇ ಓದಬೇಕು. ಪದವಿಗೆ ಕನಿಷ್ಠ 124 ಕ್ರೆಡಿಟ್ ಬೇಕು. ಒಬ್ಬ ಹುಡುಗ ಒಂದೇ ಸೆಮಿಸ್ಟರಿನಲ್ಲಿ ಹತ್ತಾರು ವಿಷಯ ತೆಗೆದುಕೊಂಡರೆ ಈ ಗಂಟೆಗಳೆಲ್ಲ ಎಲ್ಲಿಂದ ಬರಬೇಕು? ನಿಮಗೆ ನಿಮ್ಮ ಒಂದು ವಿಷಯ ಕಾಣುತ್ತದೆ. ಆ ಹುಡುಗನ ಇಡೀ ವಾರ ಕಾಣುವುದು ಕಚೇರಿಯವರಿಗೆ.

ಇನ್ನೊಂದು ಗುರುತು ಇರಬಹುದು: ನಿಮ್ಮ ಪಾಠ ಪದವಿಯ ಯಾವ ಗುರಿಗೆ ಸೇರುತ್ತದೆ ಅನ್ನುವುದು. ಎಂಥವರಿಗೆ ಪದವಿ ಕೊಡುತ್ತೇವೆ, ಅದಕ್ಕಾಗಿ ಏನು ಕಲಿಸುತ್ತೇವೆ, ಎಂಥವರನ್ನು ಸೇರಿಸಿಕೊಳ್ಳುತ್ತೇವೆ ಅಂತ ಪ್ರತಿ ವಿಶ್ವವಿದ್ಯಾಲಯ ಬರೆದು ಪ್ರಕಟಿಸಬೇಕು. 2017ರ ಏಪ್ರಿಲ್‌ನಿಂದ ಇದು ಕಡ್ಡಾಯ. ನಿಮ್ಮ ಸಿಲೆಬಸ್ ಅದಕ್ಕೆ ಹೊಂದಬೇಕು.

ಕಚೇರಿಯವರು ತಾವಾಗಿ ಮೇಲೆ ಬಿದ್ದು ಇದನ್ನೆಲ್ಲ ಮಾಡುತ್ತಿಲ್ಲ. ವಿಶ್ವವಿದ್ಯಾಲಯ ಹೇಗಿರಬೇಕು ಅಂತ ಹೇಳುವ ಜಪಾನಿನ ಮೂಲ ನಿಯಮ 1956ರದ್ದು. ಬೋಧಕರು ತಮ್ಮ ಪಾಠ ಸುಧಾರಿಸಿಕೊಳ್ಳಲು ತರಬೇತಿ ಇರಲೇಬೇಕು ಅಂತ ಪದವಿ ತರಗತಿಗಳಿಗೆ 2008ರಲ್ಲಿ ಕಡ್ಡಾಯವಾಯಿತು. 2017ರ ಏಪ್ರಿಲ್‌ನಲ್ಲಿ ಎರಡು ದೊಡ್ಡ ಮಾತು ಸೇರಿದವು. ಬೋಧಕರೂ ಕಚೇರಿಯವರೂ ಕೂಡಿ ಕೆಲಸ ಮಾಡಬೇಕು ಅನ್ನುವುದು ಒಂದು. ವಿಶ್ವವಿದ್ಯಾಲಯ ನಡೆಸಲು ಬೇಕಾದ ತಿಳಿವಳಿಕೆಗೆ ಎಲ್ಲರಿಗೂ ತರಬೇತಿ ಬೇಕು ಅನ್ನುವುದು ಇನ್ನೊಂದು. ಆ ಎಲ್ಲರಲ್ಲಿ ಪ್ರೊಫೆಸರ್‌ಗಳೂ ಬರುತ್ತಾರೆ, ವಿಶ್ವವಿದ್ಯಾಲಯದ ಮುಖ್ಯಸ್ಥರೂ ಬರುತ್ತಾರೆ. 2020ರ ಜನವರಿಯಲ್ಲಿ ಬೋಧನೆ ಕಲಿಕೆಯ ನಿರ್ವಹಣೆ ಬಗ್ಗೆ ಸರ್ಕಾರದ ಶಿಕ್ಷಣ ಮಂಡಳಿ ಒಂದು ಮಾರ್ಗಸೂಚಿ ತಂದಿತು. ಒಬ್ಬೊಬ್ಬ ಬೋಧಕರ ಪಾಠ ಚೆನ್ನಾಗಿದ್ದರೆ ಸಾಲದು, ಇಡೀ ಪದವಿ ಸೇರಿ ಹುಡುಗನಿಗೆ ಏನು ಕಲಿಸಿತು ಅಂತ ನೋಡಬೇಕು ಅನ್ನುವುದು ಅದರ ತಿರುಳು. 2022ರ ಅಕ್ಟೋಬರ್‌ನಲ್ಲಿ ಮೂಲ ನಿಯಮ ಮತ್ತೆ ಬದಲಾಯಿತು. ಅಲ್ಲಿಯವರೆಗೆ ಬೇರೆ ಬೇರೆ ಕಡೆ ಬರೆದಿದ್ದ ಬೋಧಕರ ವ್ಯವಸ್ಥೆಯನ್ನೂ ಕಚೇರಿ ವ್ಯವಸ್ಥೆಯನ್ನೂ ಒಂದೇ ಕಡೆ ತಂದರು.

ಇದರ ಹಿಂದೆ ಒಂದು ಭಯವೂ ಇದೆ. 1992ರಲ್ಲಿ ಇಲ್ಲಿ 18 ವರ್ಷದವರು ಸುಮಾರು 20 ಲಕ್ಷ ಇದ್ದರು. ಈಗ ಸುಮಾರು 11 ಲಕ್ಷ. ಅರ್ಧಕ್ಕಿಂತ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸೀಟು ತುಂಬುತ್ತಿಲ್ಲ. ಬಂದ ಹುಡುಗರನ್ನು ಅರ್ಧಕ್ಕೆ ಬಿಟ್ಟುಹೋಗದ ಹಾಗೆ ಓದಿಸುವುದು ಈಗ ಎಲ್ಲರ ತಲೆಬಿಸಿ.

ನನ್ನ ಕಣ್ಣೆದುರು ನಡೆದದ್ದು ಹೇಳುತ್ತೇನೆ. ಮೊದಲ ವರ್ಷದ ಗಣಿತದಲ್ಲಿ ಪ್ರತಿ ಸಲ ಬಹಳ ಜನ ಫೇಲಾಗುತ್ತಿದ್ದರು. ಪಾಠ ಮಾಡುವವರು ಒಳ್ಳೆಯವರು, ಶ್ರದ್ಧೆ ಇದ್ದವರು. ಪ್ರಶ್ನೆ ಸುಲಭ ಮಾಡಿದರು, ಹೆಚ್ಚುವರಿ ತರಗತಿ ತೆಗೆದುಕೊಂಡರು. ಏನೂ ಆಗಲಿಲ್ಲ. ಪ್ರವೇಶ ವಿಭಾಗದಲ್ಲಿ ಮೊದಲು ಕೆಲಸ ಮಾಡಿ ನಮ್ಮ ವಿಭಾಗಕ್ಕೆ ಬಂದ ಒಬ್ಬ ಹೆಣ್ಣುಮಗಳು ಫೇಲಾದವರ ಪಟ್ಟಿಯನ್ನು ಪ್ರವೇಶದ ಪಟ್ಟಿ ಜೊತೆ ಇಟ್ಟು ನೋಡಿದಳು. ಹೆಚ್ಚಿನವರು ಪರೀಕ್ಷೆ ಬರೆಯದೆ ಶಾಲೆಯ ಶಿಫಾರಸಿನ ಮೇಲೆ ಬಂದವರು. ಅಂಥವರಿಗೆ ಚಳಿಗಾಲ ಶುರುವಾಗುವ ಹೊತ್ತಿಗೇ ಸೀಟು ಖಾತ್ರಿ. ಆಮೇಲೆ ತರಗತಿ ಶುರುವಾಗುವ ಏಪ್ರಿಲ್‌ವರೆಗೆ ಅವರು ಗಣಿತದ ಪುಸ್ತಕ ಮುಟ್ಟಿರಲಿಲ್ಲ. ಉಳಿದ ಹುಡುಗರು ಫೆಬ್ರವರಿಯ ಪ್ರವೇಶ ಪರೀಕ್ಷೆಗೆ ಆ ತಿಂಗಳುಗಳಲ್ಲೇ ಹಗಲು ರಾತ್ರಿ ಓದಿರುತ್ತಾರೆ. ತರಗತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತಾಗ ಮೇಲ್ನೋಟಕ್ಕೆ ಒಂದೇ. ಗಣಿತದ ಪ್ರೊಫೆಸರ್‌ಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ಪ್ರವೇಶ ವಿಭಾಗದವರಿಗೆ ಗಣಿತದಲ್ಲಿ ಏನಾಗುತ್ತಿದೆ ಅಂತ ಗೊತ್ತಿರಲಿಲ್ಲ. ಆಮೇಲೆ ಪ್ರೊಫೆಸರೂ ಕಚೇರಿಯವರೂ ಕೂತು ಸೀಟು ಸಿಕ್ಕವರಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮನೆಯಲ್ಲೇ ಮಾಡುವ ಲೆಕ್ಕಗಳನ್ನು ತಯಾರಿಸಿದರು. ಲೆಕ್ಕ ಬರೆದದ್ದು ಪ್ರೊಫೆಸರ್. ಯಾರು ಕಳಿಸಿದರು, ಯಾರು ಕಳಿಸಲಿಲ್ಲ ಅಂತ ನೋಡಿ ಫೋನ್ ಮಾಡಿದ್ದು ಕಚೇರಿ. ಏಪ್ರಿಲ್‌ನಲ್ಲಿ ಆ ತರಗತಿಯ ಮುಖವೇ ಬೇರೆ ಇತ್ತು.

ನನಗೆ ಈ ವಿಷಯ ಇಷ್ಟು ಹತ್ತಿರ ಯಾಕೆ ಅಂದರೆ, ನಮ್ಮಪ್ಪ ಬೀದರ್ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಸ್‌ಡಿಎ ಆಗಿದ್ದರು. ಔರಾದ್ ಕಡೆಯಿಂದ ಮೊದಲ ಬಸ್ಸಿಗೆ ಬರುವ ಹುಡುಗ ಯಾರು, ಯಾರ ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ, ಯಾವ ಹುಡುಗಿ ಮದುವೆ ನಿಶ್ಚಯವಾಗಿ ಕಾಲೇಜು ಬಿಡುವ ಹಂತದಲ್ಲಿದ್ದಾಳೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಎಷ್ಟೋ ಮಕ್ಕಳ ಅರ್ಜಿ ತಾವೇ ಕೂತು ತುಂಬಿಸಿದ್ದಾರೆ. ಆದರೆ ಓದು ಪರೀಕ್ಷೆಯ ಸಭೆ ನಡೆದಾಗ ಅವರನ್ನು ಕರೆಯುತ್ತಿದ್ದದ್ದು ಹಾಜರಿ ಪುಸ್ತಕ ತಂದುಕೊಡಲು ಮಾತ್ರ. ಅವರಿಗೆ ಗೊತ್ತಿದ್ದದ್ದನ್ನು ಯಾರೂ ಕೇಳಲಿಲ್ಲ. ಆ ಕಾಲೇಜಿಗೆ ಎಷ್ಟು ನಷ್ಟ ಅಂತ ಈಗಲೂ ನನಗೆ ಸಂಕಟವಾಗುತ್ತದೆ.

ನೀವು ನೋಡಿದ ಕಲಬುರಗಿಯೂ ಹೆಚ್ಚು ಬೇರೆ ಇರಲಿಕ್ಕಿಲ್ಲ. ನಮ್ಮಲ್ಲಿ ಬೋಧಕರು, ಬೋಧಕೇತರರು ಅಂತ ಎರಡು ಗೆರೆ, ಎರಡು ಸಂಘ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು, 2009ರಲ್ಲಿ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಈಗ ಬೀದರಿಗೂ ಬೇರೆ ವಿಶ್ವವಿದ್ಯಾಲಯ ಆಗಿದೆ. ದೂರದ ಹಳ್ಳಿಗಳ ಮಕ್ಕಳಿಗೆ ಓದು ಹತ್ತಿರವಾಯಿತು, ಅದು ದೊಡ್ಡ ಮಾತು. ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್‌ಗಾಗಿ ಪ್ರತಿ ಕಾಲೇಜಿನಲ್ಲೂ ಗುಣಮಟ್ಟದ ಕೋಶ ಇರಬೇಕು. ನಾವು ಐಕ್ಯೂಎಸಿ ಅನ್ನುತ್ತೇವಲ್ಲ, ಅದೇ. ಅದರಲ್ಲಿ ಆಡಳಿತದ ಅಧಿಕಾರಿಗಳಿಗೂ ಜಾಗ ಇದೆ. ಜಾಗ ನಮ್ಮಲ್ಲೂ ಇದೆ ಅಂತಲೇ ನಾನು ಹೇಳುವುದು. ಅಲ್ಲಿ ಕೂತವರನ್ನು ಮಕ್ಕಳ ಓದಿನ ಬಗ್ಗೆ ಕೇಳಬೇಕು, ಫೈಲ್ ಜೋಡಿಸಲು ಮಾತ್ರ ಅಲ್ಲ.

ಹಾಗಂತ ಇಲ್ಲಿ ಎಲ್ಲ ಸರಿಯಿದೆ ಅಂತ ತಿಳಿಯಬೇಡಿ. ಕಾಯಂ ಸಿಬ್ಬಂದಿಯನ್ನು ಕೆಲವು ವರ್ಷಕ್ಕೊಮ್ಮೆ ಬೇರೆ ವಿಭಾಗಕ್ಕೆ ಹಾಕುತ್ತಾರೆ, ಹೆಚ್ಚಾಗಿ ಏಪ್ರಿಲ್‌ನಲ್ಲೇ. ನಿಮ್ಮ ವಿಭಾಗದ ಒಳಹೊರಗು ತಿಳಿದವರು ಮಾರ್ಚ್ ಕೊನೆಗೆ ಹಣಕಾಸಿಗೋ ಗ್ರಂಥಾಲಯಕ್ಕೋ ಹೋಗಿಬಿಡುತ್ತಾರೆ. ಕೌಂಟರಿನಲ್ಲಿ ಹುಡುಗರ ಜೊತೆ ದಿನವೂ ಮಾತಾಡುವವರಲ್ಲಿ ಎಷ್ಟೋ ಜನ ಗುತ್ತಿಗೆಯವರು. 5 ವರ್ಷ ದಾಟಿದರೆ ಕಾಯಂ ಒಪ್ಪಂದ ಕೇಳುವ ಹಕ್ಕು 2013ರಿಂದ ಇದೆ. ಅದಕ್ಕೆ ಹೆದರಿ 5 ವರ್ಷಕ್ಕೇ ಮನೆಗೆ ಕಳಿಸುವ ಸಂಸ್ಥೆಗಳಿವೆ. ಇದು ಅನ್ಯಾಯ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಕೂಡಿ ಕೆಲಸ ಮಾಡಿ ಅಂತ ನಿಯಮ ಬರೆದು, ಕೂಡಿ ಕೆಲಸ ಕಲಿತವರನ್ನೇ ಕಳಿಸಿಬಿಟ್ಟರೆ ಏನು ಬಂತು? ಕಚೇರಿಯವರ ಮಾತಿಗೆ ಬೆಲೆ ಕೊಡದ ಪ್ರೊಫೆಸರ್‌ಗಳೂ ಇದ್ದಾರೆ. ಬರೀ ನಿಯಮ ತೋರಿಸಿ ಬಾಯಿ ಮುಚ್ಚಿಸುವ ಕಚೇರಿಯವರೂ ಇದ್ದಾರೆ.

ನೀವು ಏನು ಮಾಡಬಹುದು ಅಂದರೆ, ಸೇರಿದ ವಾರವೇ ಕ್ಯೋಮುಕಾಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಕೆಲಸ ಬಿದ್ದಾಗ ಹೋಗುವುದು ಬೇರೆ, ಮೊದಲೇ ಹೋಗುವುದು ಬೇರೆ. ನಿಮ್ಮ ತರಗತಿಗೆ ಬರುವ ಹುಡುಗರು ಎಂಥವರು, ಕಳೆದ ವರ್ಷ ಈ ವಿಷಯದಲ್ಲಿ ಎಲ್ಲಿ ಎಡವಿದರು ಅಂತ ಕೇಳಿ. ಹಾಜರಾತಿಯನ್ನು ಪ್ರತಿ ವಾರ ಸರಿಯಾಗಿ ಹಾಕಿ. ಮೂರನೇ ನಾಲ್ಕನೇ ವಾರಕ್ಕೆ ಒಬ್ಬ ಹುಡುಗ ಎಲ್ಲ ತರಗತಿಗಳಿಂದಲೂ ಕಾಣೆಯಾಗುತ್ತಿದ್ದಾನೆ ಅಂತ ಮೊದಲು ಗೊತ್ತಾಗುವುದು ಕಚೇರಿಗೆ, ಅದೂ ನೀವೆಲ್ಲ ಹಾಜರಾತಿ ಹಾಕಿದ್ದರೆ ಮಾತ್ರ. ಪಾಠದಲ್ಲಿ ಹೊಸದೇನಾದರೂ ಮಾಡಬೇಕಿದ್ದರೆ ಸಭೆಯಲ್ಲಿ ಥಟ್ಟನೆ ಹೇಳಬೇಡಿ. ಮೊದಲೇ ವಿಭಾಗದ ಹಿರಿಯರನ್ನೂ ಕಚೇರಿಯವರನ್ನೂ ಒಬ್ಬೊಬ್ಬರಾಗಿ ಕಂಡು ಮಾತಾಡಿ. ಇಲ್ಲಿ ಕೆಲಸ ಆಗುವುದು ಹಾಗೆ. ಒಪ್ಪಿಕೊಂಡದ್ದನ್ನು ಒಂದು ಪುಟ ಬರೆದು ಅವರ ಹತ್ತಿರವೂ ಒಂದು ಪ್ರತಿ ಇಡಿ. ಏಪ್ರಿಲ್‌ನಲ್ಲಿ ಬರುವ ಹೊಸಬರಿಗೆ ಆ ಪುಟವೇ ಆಧಾರ.

ಕಚೇರಿಯವರೂ ಓದುವವರೇ, ಬರೆಯುವವರೇ ಅಂತ ತಿಳಿದಿರಲಿ. 1997ರಲ್ಲಿ ಇಲ್ಲಿನ ವಿಶ್ವವಿದ್ಯಾಲಯ ಸಿಬ್ಬಂದಿ ಸೇರಿ ಆಡಳಿತದ ಬಗ್ಗೆ ಅಧ್ಯಯನ ಮಾಡುವ ಸಂಘವನ್ನೇ ಕಟ್ಟಿಕೊಂಡರು. ಶಿಕೋಕು ದ್ವೀಪದ ವಿಶ್ವವಿದ್ಯಾಲಯಗಳು 2008ರಲ್ಲಿ ಎಸ್‌ಪಿಒಡಿ ಅಂತ ಒಂದು ಜಾಲ ಮಾಡಿಕೊಂಡವು. ಎಹಿಮೆ ವಿಶ್ವವಿದ್ಯಾಲಯ ಅದರ ಕೇಂದ್ರ. ಬೋಧಕರಿಗೂ ಕಚೇರಿಯವರಿಗೂ ಅಲ್ಲಿ ತರಬೇತಿ ನಡೆಯುತ್ತದೆ. ಬೇಸಿಗೆ ರಜೆಯಲ್ಲಿ ಅವಕಾಶ ಸಿಕ್ಕರೆ ಹೋಗಿ. ನಿಮ್ಮ ಕಚೇರಿಯವರೊಬ್ಬರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು.

ಈಗ ಆ ಮೇಲ್‌ಗೆ ಉತ್ತರ ಬರೆಯಿರಿ. ಓದಿನ ಗಂಟೆಗಳ ಜಾಗ ತುಂಬಿ. ಅವರು ಹೇಳಿದ್ದು ಎಲ್ಲವನ್ನೂ ಒಪ್ಪಬೇಕಾಗಿಲ್ಲ. ನಿಮ್ಮ ವಿಷಯದಲ್ಲಿ ಏನು ಕಲಿಸಬೇಕು ಅನ್ನುವುದು ನಿಮ್ಮದೇ ಮಾತು. ಒಪ್ಪದ ಕಡೆ ಯಾಕೆ ಒಪ್ಪುವುದಿಲ್ಲ ಅಂತ ಎರಡು ಸಾಲು ಬರೆದು, ಏಪ್ರಿಲ್ ಮೊದಲ ವಾರದಲ್ಲಿ ಭೇಟಿಯಾಗಬಹುದಾ ಅಂತ ಕೇಳಿ. ಜಪಾನಿ ಬರೆಯಲು ಕಷ್ಟವಾದರೆ ನನಗೆ ಕಳಿಸಿ, ತಿದ್ದಿಕೊಡುತ್ತೇನೆ.