ಸಂಖ್ಯಾರೇಖೆಯ ಮೇಲೆ ಋಣ ಸಂಖ್ಯೆಗಳನ್ನು ಕೂಡುವುದು ಹೇಗೆ?

ಸಂಖ್ಯಾರೇಖೆ ಎಂದರೆ ಸಂಖ್ಯೆಗಳನ್ನು ಸಮ ಅಂತರದಲ್ಲಿ ಗುರುತಿಸಿದ ಗೆರೆ: ಸೊನ್ನೆಯ ಬಲಕ್ಕೆ ಧನ (ಪ್ಲಸ್) ಸಂಖ್ಯೆಗಳು, ಎಡಕ್ಕೆ ಋಣ (ಮೈನಸ್) ಸಂಖ್ಯೆಗಳು. ಅದರಲ್ಲಿ ಮೊದಲ ಸಂಖ್ಯೆಯ ಮೇಲೆ ನಿಂತುಕೊಳ್ಳಿ. ಕೂಡಬೇಕಾದದ್ದು ಋಣ ಸಂಖ್ಯೆಯಾದರೆ ಅಷ್ಟು ಹೆಜ್ಜೆ ಎಡಕ್ಕೆ, ಧನ ಸಂಖ್ಯೆಯಾದರೆ ಬಲಕ್ಕೆ ನಡೆಯಿರಿ. ತಲುಪಿದ ಜಾಗವೇ ಉತ್ತರ.

ಕೂಡಿದರೂ (−3) + (−2) ಯಾಕೆ −5 ಆಗಿ ಕಡಿಮೆಯಾಗುತ್ತದೆ ಎಂದು ಕೇಳಿದ್ದೀರಿ. ಕೂಡುವುದೆಂದರೆ ಒಂದು ನಡೆಗೆ ಇನ್ನೊಂದು ನಡೆ ಸೇರಿಸುವುದು. ಮೈನಸ್ ಚಿಹ್ನೆ ಹೇಳುವುದು ದಿಕ್ಕನ್ನು. ನಮ್ಮ ಕೋಲಾರದ ಬೋರ್‌ವೆಲ್‌ಗಳನ್ನೇ ನೋಡಿ, ರೇಖೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ನೆಲಮಟ್ಟ ಸೊನ್ನೆ. ನೀರು 300 ಅಡಿ ಕೆಳಗಿದ್ದು, ಬೇಸಿಗೆಗೆ ಇನ್ನೂ 50 ಅಡಿ ಇಳಿದರೆ −300 + (−50) = −350. ಮಳೆಗೆ 20 ಅಡಿ ಏರಿದರೆ −350 + 20 = −330. ಏರಿದ್ದೇನೋ ನಿಜ, ಸೊನ್ನೆ ಮುಟ್ಟಲಿಲ್ಲ; ಅದಕ್ಕೇ ಮೈನಸ್ ಉಳಿಯಿತು.

ಮಕ್ಕಳು ಹೆಚ್ಚಾಗಿ ತಪ್ಪುವುದು ಎಣಿಕೆಯಲ್ಲಿ: ನಿಂತ ಜಾಗವನ್ನೇ ಒಂದು ಎಂದು ಎಣಿಸಬಾರದು. −3ರಿಂದ ಎಡಕ್ಕೆ ಮೊದಲ ಹೆಜ್ಜೆ −4, ಎರಡನೆಯದು −5.