ಥೈರಾಯ್ಡ್ ತೆಗೆದಮೇಲೆ ಅಮ್ಮನ ಕೈ ಸೆಳೆಯುತ್ತಿದೆ, ಪ್ಯಾರಾಥೈರಾಯ್ಡ್ ಕೆಲಸ ಮಾಡುತ್ತಿಲ್ಲವಂತೆ. ರಾಗಿ, ಹಾಲು ಜಾಸ್ತಿ ಕೊಟ್ಟರೆ ಸರಿಹೋಗುತ್ತಾ?

ಇಲ್ಲ, ಬರೀ ಊಟದಿಂದ ಆಗುವುದಿಲ್ಲ. ನಾನೂ ಅನುಭವಿಸಿದವಳು, ಅದಕ್ಕೇ ಹೇಳುತ್ತಿದ್ದೇನೆ.

ಆಪರೇಷನ್ ಆದ ಮಾರನೇ ದಿನ ನನಗೆ ತುಟಿಯ ಸುತ್ತ ಜುಮುಜುಮು ಅನ್ನಿಸಿತು. ಅರಿವಳಿಕೆ ಇನ್ನೂ ಇಳಿದಿಲ್ಲವೇನೋ ಅಂತ ಸುಮ್ನೆ ಇದ್ದೆ. ಸಂಜೆ ನರ್ಸ್ ಬಿಪಿ ಪಟ್ಟಿ ಬಿಗಿದಾಗ, ಬಳೆ ತೊಡಿಸಿಕೊಳ್ಳಲು ಬೆರಳು ಕೂಡಿಸಿ ಕೈ ಚಾಚುತ್ತೇವಲ್ಲ, ಹಾಗೆ ಕೈ ತಾನಾಗಿಯೇ ಸೆಟೆದು ನಿಂತಿತು. ರಕ್ತದ ಕ್ಯಾಲ್ಸಿಯಂ 6.9 mg/dL ಇತ್ತು. ಸುಮಾರು 8.5ರ ಮೇಲಿರಬೇಕು.

ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಇರುತ್ತವೆ. ಹೆಸರಲ್ಲಿ ಹೋಲಿಕೆ, ಕೆಲಸ ಬೇರೆ: ರಕ್ತದ ಕ್ಯಾಲ್ಸಿಯಂ ಕಾಯುವುದು ಇವು. ಆಪರೇಷನ್‌ನಲ್ಲಿ ಇವಕ್ಕೆ ಪೆಟ್ಟಾದರೆ ಇವು ಸುರಿಸುವ ಪಿಟಿಎಚ್ ಹಾರ್ಮೋನ್ ಇಳಿದು, ಕ್ಯಾಲ್ಸಿಯಂ ಮೂತ್ರದಲ್ಲಿ ಸೋರಿಹೋಗುತ್ತದೆ, ಫಾಸ್ಫರಸ್ ಮಾತ್ರ ಒಳಗೇ ಉಳಿಯುತ್ತದೆ. ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವಂತೆ ಮಾಡಲು ಕಿಡ್ನಿಗೂ ಪಿಟಿಎಚ್ ಬೇಕು. ಅದಿಲ್ಲದಿದ್ದರೆ ಮುದ್ದೆಯಲ್ಲಿರುವ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಅದಕ್ಕೇ ಕ್ಯಾಲ್ಸಿಟ್ರಿಯಾಲ್, ಅಂದರೆ ಆಗಲೇ ಕೆಲಸಕ್ಕೆ ತಯಾರಾದ ವಿಟಮಿನ್ ಡಿ ಕೊಡುವುದು. ವಾರಕ್ಕೊಮ್ಮೆ ನುಂಗುವ ಮಾಮೂಲಿ ಡಿ ಮಾತ್ರೆ ಅದರ ಬದಲಿ ಅಲ್ಲ. ಹಾಲಲ್ಲಿ ಫಾಸ್ಫರಸ್ಸೂ ಇದೆ, ಲೋಟಗಟ್ಟಲೆ ಕುಡಿಸಬೇಡಿ.

ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ ಕೊಡಿ, ಥೈರಾಕ್ಸಿನ್‌ಗೂ (ಥೈರಾಯ್ಡ್ ಮಾತ್ರೆ) ಅದಕ್ಕೂ 4 ಗಂಟೆ ಅಂತರ ಇರಲಿ. ನಾನು ಎರಡನ್ನೂ ಬೆಳಿಗ್ಗೆ ಕಾಫಿಗೆ ಮುಂಚೆ ಒಟ್ಟಿಗೆ ನುಂಗಿ, ಎರಡರ ರಿಪೋರ್ಟನ್ನೂ ಕೆಡಿಸಿಕೊಂಡಿದ್ದೆ! ದಿನಾ ಗ್ಯಾಸ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಹೊಟ್ಟೆಯ ಆಮ್ಲ ಕಮ್ಮಿಯಾದರೆ ಕಾರ್ಬೊನೇಟ್ ಸರಿಯಾಗಿ ಕರಗುವುದಿಲ್ಲ. ಮೆಗ್ನೀಸಿಯಂ ಕೂಡ ಒಮ್ಮೆ ನೋಡಿಸಿ.

ಕ್ಯಾಲ್ಸಿಯಂ ನಾರ್ಮಲ್‌ನ ಕೆಳ ಅಂಚಿನಲ್ಲೇ ಇದೆಯಲ್ಲ ಅಂತ ನೀವೇ ಮಾತ್ರೆ ಏರಿಸಬೇಡಿ. ಡಾಕ್ಟರು ಬೇಕಂತಲೇ ಅಲ್ಲಿಡುತ್ತಾರೆ, ಜಾಸ್ತಿಯಾದರೆ ಕಿಡ್ನಿಯಲ್ಲಿ ಕಲ್ಲಾಗಬಹುದು. ಬಿಡುವುದಂತೂ ಬೇಡವೇ ಬೇಡ. ವರ್ಷಗಟ್ಟಲೆ ಕಮ್ಮಿ ಇದ್ದರೆ ಕಣ್ಣಿಗೆ ಪೊರೆ ಬರಬಹುದು. ಫಿಟ್ಸ್ ಬಂದರೆ, ಗಂಟಲು ಬಿಗಿದರೆ, ಎದೆಬಡಿತ ಏರುಪೇರಾದರೆ, ಸೆಟೆದ ಕೈ ಬಿಡದಿದ್ದರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ. ಆಗ ಡ್ರಿಪ್‌ನಲ್ಲೇ ಕ್ಯಾಲ್ಸಿಯಂ ಕೊಡಬೇಕಾಗುತ್ತದೆ.

ಎಷ್ಟೋ ಜನರಿಗೆ ಕೆಲವು ವಾರ, ತಿಂಗಳಲ್ಲಿ ಗ್ರಂಥಿಗಳು ಚೇತರಿಸಿಕೊಳ್ಳುತ್ತವೆ. ವರ್ಷವಾದರೂ ಏಳದಿದ್ದರೆ ಕಾಯಂ ಅನ್ನುತ್ತಾರೆ. ನನ್ನದು ಕಾಯಂ, ಪರ್ಸಿನಲ್ಲಿ ಒಂದು ಸ್ಟ್ರಿಪ್ ಇಲ್ಲದೆ ಮದುವೆ ಮನೆಗೂ ಹೋಗುವುದಿಲ್ಲ. ಅಮ್ಮನಿಗೆ ಆಪರೇಷನ್ ಆಗಿ ಎಷ್ಟು ದಿನವಾಯಿತು, ಪಿಟಿಎಚ್ ಎಷ್ಟು ಬಂದಿದೆ?